ಮೂರು ಭಾನುವಾರ ಓದಿ ಹೇಳಿ

ನಮ್ಮೂರ ಚರ್ಚಿನ ಹಿಂದೆ ನಾಲ್ಕು ಕೋಣೆಗಳ ಒಂದು ಹೆಂಚಿನ ಕಟ್ಟಡವಿತ್ತು. ಹಿಂದೊಮ್ಮೆ ಅದು ಮಿಷನ್ ಶಾಲೆ. ನಾನು ಚಿಕ್ಕವಳಿದ್ದಾಗ ಸಂಡೇ ಸ್ಕೂಲು ಅಲ್ಲೇ ನಡೆಯುತ್ತಿತ್ತು. ಕೊನೆಯ ಕೋಣೆಗೆ ಮಾತ್ರ ಸದಾ ಬೀಗ. ಕಿಟಕಿಯ ಸಂದಿಯಿಂದ ಇಣುಕಿದರೆ ಒಂದು ಮರದ ಬೀರು, ಅದರೊಳಗೆ ಬಟ್ಟೆಯ ರಟ್ಟಿನ ದೊಡ್ಡ ದೊಡ್ಡ ಪುಸ್ತಕಗಳು ಕಾಣುತ್ತಿದ್ದವು. ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ಮೇಲೆ ಅನುಮತಿ ಪಡೆದು ಒಂದು ಮಧ್ಯಾಹ್ನ ಆ ಬೀರು ತೆರೆಸಿದೆ. ದೀಕ್ಷಾಸ್ನಾನದ ರಿಜಿಸ್ಟರುಗಳು, ಶಾಲೆಯ ಹಾಜರಿ ಪುಸ್ತಕಗಳು, ಜೊತೆಗೆ ನಾನು ಕನಸಿನಲ್ಲೂ ಎಣಿಸಿರದ ಇನ್ನೊಂದು: ಶಾಲೆಯ ಉಪಾಧ್ಯಾಯಿನಿಯರು ವಾರವಾರ ಬರೆದಿಟ್ಟ ವರದಿ ಪುಸ್ತಕಗಳು. ಯಾವ ಮಗು ಜ್ವರದಿಂದ ಬರಲಿಲ್ಲ, ಯಾವ ಹುಡುಗಿಯನ್ನು ಮದುವೆಗೆಂದು ಬಿಡಿಸಿದರು, ಮಳೆಗೆ ಯಾವ ಗೋಡೆ ನೆನೆಯಿತು ಎಂಬುದನ್ನೆಲ್ಲ ಕನ್ನಡದಲ್ಲಿ, ಕನ್ನಡ ಬರೆಯಲು ಕಲಿತ ಮೊದಲ ತಲೆಮಾರಿನ ಹೆಂಗಸರ ಕೈಬರಹದಲ್ಲಿ ಬರೆದಿತ್ತು. ನನ್ನ ಸಂಶೋಧನೆಯ ವಿಷಯವೇ ಮಿಷನ್ ಶಾಲೆಗಳ ಹೆಂಗಸರು ಬರೆದ ಗದ್ಯ. ಆ ದಿನ ಮೂವತ್ತು ನಲವತ್ತು ಪುಟಗಳ ಫೋಟೋ ತೆಗೆದುಕೊಂಡೆ. ಕತ್ತಲಾಯಿತು. ರಜೆಯಲ್ಲಿ ಬಂದು ಉಳಿದದ್ದನ್ನು ನೋಡುತ್ತೇನೆ ಎಂದು ಹೇಳಿ ಹೊರಟೆ.

ರಜೆಯಲ್ಲಿ ಬಂದಾಗ ಕಟ್ಟಡ ಇರಲಿಲ್ಲ. ನೆಲ ಸಮ ಮಾಡಿ ಜಲ್ಲಿ ಹಾಸಿದ್ದರು. ಮದುವೆ ಮಂಟಪದವರಿಗೆ ವಾಹನ ನಿಲ್ಲಿಸಲು ಜಾಗ ಬಾಡಿಗೆಗೆ ಕೊಟ್ಟಿದ್ದಾರೆ ಎಂದರು. ಬೀರು ಎಲ್ಲಿ? ಹೆಂಚು, ತೊಲೆ, ಬೀರು ಎಲ್ಲ ಒಟ್ಟಿಗೇ ಹೋಯಿತು. ಪುಸ್ತಕಗಳು? ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗುಜರಿಯವನು ತೂಕಕ್ಕೆ ತೆಗೆದುಕೊಂಡು ಹೋಗಿರಬೇಕು.

ಇದರಲ್ಲಿ ಕಳ್ಳತನವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಚರ್ಚಿನ ಆಸ್ತಿ ಎಂದ ಕೂಡಲೇ ಎಲ್ಲರ ಕಿವಿ ನೆಟ್ಟಗಾಗುವುದು ಯಾರು ಎಷ್ಟು ತಿಂದರು ಎಂಬ ಕತೆಗೆ. ಬಾಡಿಗೆಯ ದುಡ್ಡು ಚರ್ಚಿನ ಖಾತೆಗೇ ಬಂದಿದೆ. ಕಟ್ಟಡ ಕೆಡವಿದ ಸಮಿತಿಯ ಹಿರಿಯರು ಒಳ್ಳೆಯವರು, ನನ್ನನ್ನು ಎತ್ತಿ ಆಡಿಸಿದವರು. ಅವರು ಮಾಡಿದ ತಪ್ಪು ಒಂದೇ. ತಾವು ಯಾವುದಕ್ಕೆ ಟ್ರಸ್ಟಿಗಳು ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮದು ಯಾವ ಪಂಗಡದ ಚರ್ಚು ಎಂದು ಬರೆಯುವುದಿಲ್ಲ. ಬರೆದರೆ ಉಳಿದ ಪಂಗಡದವರು ‘ಸದ್ಯ, ನಮ್ಮದಲ್ಲ’ ಎಂದು ಮುಂದಿನ ಲೇಖನಕ್ಕೆ ಹೋಗುತ್ತಾರೆ.

ಆ ವರ್ಷದ ಮಹಾಸಭೆಯಲ್ಲಿ ನಾನು ಎದ್ದು ನಿಂತೆ. ಆಯವ್ಯಯ ಓದಿ ಮುಗಿದಿತ್ತು. ಹಿಂದಿನ ಬೆಂಚಿನವರು ಊಟದ ವಾಸನೆಗೆ ಆಗಲೇ ಅರ್ಧ ಎದ್ದಿದ್ದರು. ನಾನು ಕೇಳಿದ್ದು ಇಷ್ಟೇ: ನಮ್ಮ ಚರ್ಚಿಗೆ ಸೇರಿದ ಆಸ್ತಿ ಏನೇನು ಎಂಬ ಪಟ್ಟಿ ಇದೆಯೇ? ರಸ್ತೆ ಬದಿಯ ಆರು ಮಳಿಗೆಗಳ ಕರಾರು ಯಾರ ಹೆಸರಲ್ಲಿದೆ? ಕಟ್ಟಡ ಕೆಡವುವ ತೀರ್ಮಾನ ಯಾವ ಸಭೆಯ ನಡವಳಿಯಲ್ಲಿ ಬರೆದಿದೆ? ಕಾರ್ಯದರ್ಶಿಗಳು ಪ್ರೀತಿಯಿಂದಲೇ ಹೇಳಿದರು: “ಕೂತ್ಕೊಳಮ್ಮ. ಇದು ದೇವರ ಆಸ್ತಿ. ದೇವರ ಆಸ್ತಿಗೆ ಲೆಕ್ಕ ಕೇಳೋಕೆ ನಾವ್ಯಾರು?” “ಅಂಕಲ್, ಲೆಕ್ಕ ಅಲ್ಲ, ಪಟ್ಟಿ ಕೇಳ್ತಿದ್ದೀನಿ” ಎಂದೆ. “ನಿಂದು ಪಿಎಚ್.ಡಿ. ಎಲ್ಲಿಗೆ ಬಂತು? ಮೊದ್ಲು ಅದು ಮುಗ್ಸು” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಕೂತೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

‘ದೇವರ ಆಸ್ತಿ’ ಎಂಬ ಮಾತನ್ನು ಎದುರಿಸಬೇಕೆಂದೇ ಈ ಲೇಖನ. ಕೇಳುವುದಕ್ಕೆ ಅದು ಬಹಳ ವಿನಯದ ಮಾತು. ಕೆಲಸದಲ್ಲಿ ಅದು ಮಾಡುವುದೇ ಬೇರೆ. ಆಸ್ತಿ ದೇವರದು ಎಂದ ತಕ್ಷಣ ಅದು ನಮ್ಮದಲ್ಲ ಎಂದಾಯಿತು. ದೇವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತುವುದಿಲ್ಲವಾದ್ದರಿಂದ ಅವನ ಪರವಾಗಿ ಮುಂದಿನ ಬೆಂಚಿನ ನಾಲ್ವರು ಸಹಿ ಹಾಕುತ್ತಾರೆ. ಮಾಲೀಕನನ್ನು ಆಕಾಶದಷ್ಟು ಎತ್ತರಕ್ಕೆ ಕಳಿಸಿ ಆಮೇಲೆ ಕೆಳಗೆ ನಮ್ಮಿಷ್ಟದಂತೆ ನಡೆದುಕೊಳ್ಳುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಒಂದು ಹಿಂಡಾಲಿಯಂ ಡಬ್ಬಿ ಇದೆ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕುತ್ತಿದ್ದರು. ತಿಂಗಳಿಗೊಮ್ಮೆ ಹೆಂಗಸರ ಕೂಟದವರು ಮನೆಮನೆಯ ಹಿಡಿ ಅಕ್ಕಿ ಒಟ್ಟು ಮಾಡಿ ಮಾರುತ್ತಿದ್ದರು. ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ, ಕೋಳಿ ಹರಾಜಾಗುತ್ತಿದ್ದವು. ಒಂದೇ ಕುಂಬಳಕಾಯಿಯನ್ನು ಕೊಂಡವರು ಮತ್ತೆ ಚರ್ಚಿಗೇ ಕೊಟ್ಟು, ಅದು ಮೂರು ಸಲ ಹರಾಜಾದದ್ದನ್ನು ನಾನೇ ನೋಡಿದ್ದೇನೆ. ಆ ಆರು ಮಳಿಗೆಗಳು ಎದ್ದದ್ದು ಆ ದುಡ್ಡಿನಿಂದ. ಹಾಗಾದರೆ ಆಸ್ತಿ ದೇವರದೇ ಇರಲಿ, ಆದರೆ ಅಕ್ಕಿ ಅಜ್ಜಿಯದು. ಇನ್ನೊಂದು ಮಾತು: ಆ ಡಬ್ಬಿ ತುಂಬಿದ ಹೆಂಗಸರಲ್ಲಿ ಒಬ್ಬರೂ ನನಗೆ ನೆನಪಿರುವಷ್ಟು ಕಾಲ ಆಸ್ತಿ ಸಮಿತಿಯಲ್ಲಿ ಕೂತವರಲ್ಲ.

ಮಳಿಗೆಗಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಬರೀ ನಮ್ಮೂರಿನ ಸಂಗತಿಯಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಹಾಗಾಗಿ ದೇಶದ ಊರೂರಲ್ಲಿ 11 ತಿಂಗಳ ಕರಾರು ಚಾಲ್ತಿಯಲ್ಲಿದೆ. ಮನೆ ಬಾಡಿಗೆಗೆ ಅದೇನೋ ಸರಿ. ಆದರೆ ಒಂದು ಚರ್ಚು ತನ್ನ ಮಳಿಗೆಯನ್ನು ಒಬ್ಬರಿಗೇ 11 ತಿಂಗಳಿಗೊಮ್ಮೆ ಹತ್ತಾರು ವರ್ಷ ನವೀಕರಿಸುತ್ತ ಹೋದರೆ ಆ ವ್ಯವಹಾರ ಯಾವ ಸರ್ಕಾರಿ ದಾಖಲೆಯಲ್ಲೂ ಕಾಣುವುದಿಲ್ಲ. ಋಣಭಾರ ಪ್ರಮಾಣಪತ್ರ ತೆಗೆಸಿದರೆ ಖಾಲಿ ಬರುತ್ತದೆ. ಕರಾರಿನ ಪ್ರತಿ ಇರುವುದು ಹಿಂದಿನ ಕಾರ್ಯದರ್ಶಿಯ ಮನೆಯಲ್ಲಿ. ಅವರು ತೀರಿಕೊಂಡಿದ್ದಾರೆ. ಮಗ ಬೆಂಗಳೂರಿನಲ್ಲಿದ್ದಾನೆ. ಬಾಡಿಗೆ ಮಾತ್ರ ನನ್ನ ತಂಗಿ ಹುಟ್ಟಿದ ವರ್ಷದ್ದು. ಅವಳಿಗೆ ಈಗ ಇಪ್ಪತ್ತಮೂರು.

ಸಾಹಿತ್ಯದ ಪತ್ರಿಕೆಯಲ್ಲಿ ಜಮೀನು, ಕರಾರಿನ ಮಾತೇಕೆ ಎನ್ನುವವರಿಗೆ ಒಂದು ಉತ್ತರವಿದೆ. ನಾವು ಯಾವುದನ್ನು ಆಕರ ಎಂದು ಕರೆಯುತ್ತೇವೋ ಅದು ಎಲ್ಲೋ ಒಂದು ಬೀರುವಿನಲ್ಲಿರುತ್ತದೆ, ಬೀರು ಒಂದು ಕೋಣೆಯಲ್ಲಿರುತ್ತದೆ, ಕೋಣೆ ಯಾರದೋ ಆಸ್ತಿ. 1843ರಲ್ಲಿ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದನ್ನು, 1894ರಲ್ಲಿ ಕಿಟೆಲ್ಲರ ನಿಘಂಟು ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದದ್ದನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರು. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಕೂತು ಕೆಲಸ ಮಾಡಿದವರಿಗೆ, ಯಾರೋ ಒಬ್ಬರು ಜೋಪಾನ ಮಾಡಿದರೆ ಎಷ್ಟು ಉಳಿಯುತ್ತದೆ ಎಂಬುದು ಗೊತ್ತು. ಅಂಥ ಪತ್ರಾಗಾರಕ್ಕೆ ತಲುಪದ ಕಾಗದಗಳು ಊರೂರ ಚರ್ಚುಗಳ ಹಿಂದಿನ ಕೋಣೆಗಳಲ್ಲಿವೆ. ಅವುಗಳ ಟ್ರಸ್ಟಿಗಳು ಯಾರು? ಅಂಗಡಿ ಬಾಡಿಗೆ ವಸೂಲಿಗೆಂದು ಆರಿಸಿ ಬಂದ ನಾಲ್ವರು. ಆಸ್ತಿ ಎಂದರೆ ಅವರ ಕಣ್ಣಿಗೆ ಕಾಣುವುದು ರಸ್ತೆಗೆ ಮುಖ ಮಾಡಿರುವ ಅಡಿಗಳು ಮಾತ್ರ. ಸಮಾಧಿಯ ಕಲ್ಲು, ಹಳೆಯ ಗಂಟೆ, ರಿಜಿಸ್ಟರು, ಇವು ಅವರ ಲೆಕ್ಕದಲ್ಲಿ ಹಳೆಯ ಸಾಮಾನು.

ಇನ್ನು ಹೆಸರಿನ ಪ್ರಶ್ನೆ. ಊರಿನ ಚರ್ಚಿನ ನೆಲದ ಪತ್ರ ಬಹಳಷ್ಟು ಕಡೆ ಊರಿನವರ ಹೆಸರಿನಲ್ಲಿ ಇರುವುದಿಲ್ಲ. ದಕ್ಷಿಣ ಭಾರತ ಸಭೆ ಮದರಾಸಿನಲ್ಲಿ ಉದ್ಘಾಟನೆಯಾದದ್ದು 1947ರ ಸೆಪ್ಟೆಂಬರ್ 27ರಂದು. ಅದರ ಆಸ್ತಿ ಹಿಡಿದುಕೊಳ್ಳಲು ಒಂದು ಟ್ರಸ್ಟ್ ಅಸೋಸಿಯೇಷನ್ ಕಂಪನಿ ಕಾಯ್ದೆಯಡಿ ನೋಂದಣಿಯಾದದ್ದು ಅದರ ಹಿಂದಿನ ದಿನ. ಆರಾಧನೆಗಿಂತ ಒಂದು ದಿನ ಮೊದಲೇ ಕಂಪನಿ ಹುಟ್ಟಿತು ಎಂದು ಕುಹಕ ಮಾಡುವವರಿದ್ದಾರೆ. ನಾನು ಆ ಕುಹಕಕ್ಕೆ ಸೇರುವುದಿಲ್ಲ. ಬೇರೆ ಬೇರೆ ಮಿಷನ್‌ಗಳಿಂದ ಬಂದ ಆಸ್ತಿಯನ್ನು ಚದುರದಂತೆ ಹಿಡಿಯಲು ಒಂದು ಶಾಶ್ವತ ಹೆಸರು ಬೇಕಿತ್ತು. ಮನುಷ್ಯ ಟ್ರಸ್ಟಿ ಸಾಯುತ್ತಾನೆ, ಕಂಪನಿ ಸಾಯುವುದಿಲ್ಲ. ಕೆಥೊಲಿಕರಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಧರ್ಮಪ್ರಾಂತ್ಯ, ಬಿಷಪರ ಅನುಮತಿ, ಧರ್ಮಕೇಂದ್ರಕ್ಕೊಂದು ಹಣಕಾಸು ಸಮಿತಿ. ಎರಡರಲ್ಲೂ ಒಂದು ಸಮಾನ ಸಂಗತಿ ಎಂದರೆ ಕಾಗದದ ಹೆಸರು ದೂರದಲ್ಲಿದೆ, ನೆಲ ಹತ್ತಿರದಲ್ಲಿದೆ. ಈ ದೂರದಲ್ಲೇ ಹೊಣೆ ಕಳೆದುಹೋಗುವುದು. ಮೇಲಿನವರನ್ನು ಕೇಳಿದರೆ ‘ಸ್ಥಳೀಯ ಸಮಿತಿ ನೋಡಿಕೊಳ್ಳುತ್ತದೆ’ ಎನ್ನುತ್ತಾರೆ. ಸ್ಥಳೀಯರನ್ನು ಕೇಳಿದರೆ ‘ಪತ್ರ ಇರುವುದು ಮೇಲೆ’ ಎನ್ನುತ್ತಾರೆ.

ಈ ದೂರ ಏನು ಮಾಡಬಲ್ಲದು ಎಂಬುದಕ್ಕೆ ಮಂಗಳೂರಿನ ಹೆಂಚೇ ಸಾಕ್ಷಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಅಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದಕ್ಕೂ ಮೊದಲೇ ನೇಯ್ಗೆ ಇತ್ತು. ಕ್ರೈಸ್ತರಾದ ಕಾರಣಕ್ಕೆ ಮನೆ, ಕಸುಬು, ಗೇಣಿ ಕಳೆದುಕೊಂಡವರಿಗೆ ಕೆಲಸ ಕೊಡಬೇಕೆಂದೇ ಶುರುವಾದ ಉದ್ಯಮಗಳವು. ಮೂರು ತಲೆಮಾರು ಆ ಮಣ್ಣು ತುಳಿಯಿತು. ಮೊದಲ ಮಹಾಯುದ್ಧ ಬಂತು. ಮಿಷನ್ನಿನಲ್ಲಿ ಜರ್ಮನ್ನರು ಬಹಳವಿದ್ದರು ಎಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅದರ ಉದ್ಯಮಗಳನ್ನು ವಶಪಡಿಸಿಕೊಂಡಿತು. ಯುದ್ಧ ಮುಗಿಯುವ ಹೊತ್ತಿಗೆ ಕಾರ್ಖಾನೆಗಳು ಹೊಸದಾಗಿ ಹುಟ್ಟಿದ ಒಂದು ಬ್ರಿಟಿಷ್ ಕಂಪನಿಯ ಕೈ ಸೇರಿದವು. ಆ ಕಂಪನಿಯ ಹೆಸರು ಕಾಮನ್‌ವೆಲ್ತ್ ಟ್ರಸ್ಟ್. ಟ್ರಸ್ಟ್ ಎಂಬ ಪದ ಹೆಸರಿನಲ್ಲೇ ಇತ್ತು! ಜೆಪ್ಪುವಿನ ಕುಲುಮೆಯ ಮುಂದೆ ನಿಂತಿದ್ದವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಕಾನೂನಿನಲ್ಲಿ ಇರಲಿಲ್ಲ, ಯಾಕೆಂದರೆ ಯಾವ ಕಾಗದದಲ್ಲೂ ಅವನ ಹೆಸರಿರಲಿಲ್ಲ.

ಹಾಗಾದರೆ ಊರಿನವರ ಕೈಗೇ ಎಲ್ಲ ಕೊಟ್ಟುಬಿಡಬೇಕೆ? ಇಲ್ಲಿ ನನ್ನ ಪಕ್ಷದವರೇ ಕೆಲವರು ಅವಸರ ಮಾಡುತ್ತಾರೆ. ಅಮೆರಿಕದಲ್ಲಿ ಅದನ್ನು ಮಾಡಿ ನೋಡಿದರು. 19ನೇ ಶತಮಾನದ ಆರಂಭದಲ್ಲಿ ಅಲ್ಲಿನ ಎಷ್ಟೋ ಕೆಥೊಲಿಕ್ ಚರ್ಚುಗಳ ಆಸ್ತಿ ಚುನಾಯಿತ ಟ್ರಸ್ಟಿಗಳ ಹೆಸರಿನಲ್ಲಿತ್ತು. ಫಿಲಡೆಲ್ಫಿಯಾದ ಸೇಂಟ್ ಮೇರೀಸ್ ಚರ್ಚಿನಲ್ಲಿ, ಬಿಷಪರು ಅಮಾನತು ಮಾಡಿದ ಪಾದ್ರಿಯನ್ನೇ ಟ್ರಸ್ಟಿಗಳು ಇಟ್ಟುಕೊಂಡರು. ಕಟ್ಟಡ ನಮ್ಮದು, ಪೀಠವೂ ನಮ್ಮದು ಎಂಬ ವಾದ. 1822ರಲ್ಲಿ ಟ್ರಸ್ಟಿಗಳ ಚುನಾವಣೆಯ ದಿನ ಚರ್ಚಿನ ಅಂಗಳದಲ್ಲೇ ಹೊಡೆದಾಟವಾಯಿತು. ಇದರಿಂದ ಬೆಚ್ಚಿದ ಬಿಷಪರು ಮುಂದಿನ ದಶಕಗಳಲ್ಲಿ ಅನೇಕ ಕಡೆ ಆಸ್ತಿಯನ್ನೆಲ್ಲ ತಮ್ಮ ಪದವಿಯ ಹೆಸರಿಗೆ ಮಾಡಿಕೊಂಡರು. ನೂರೈವತ್ತು ಚಿಲ್ಲರೆ ವರ್ಷ ಕಳೆದ ಮೇಲೆ, 2004ರಲ್ಲಿ, ಪಾದ್ರಿಗಳಿಂದ ದೌರ್ಜನ್ಯಕ್ಕೊಳಗಾದವರ ಪರಿಹಾರದ ದಾವೆಗಳ ನಡುವೆ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಮಹಾಧರ್ಮಪ್ರಾಂತ್ಯ ದಿವಾಳಿ ಅರ್ಜಿ ಹಾಕಿತು. ಊರೂರ ಚರ್ಚು, ಶಾಲೆ ಆಯಾ ಊರಿನವರವು, ಸಾಲಗಾರರಿಗೆ ಸೇರುವುದಿಲ್ಲ ಎಂದು ವಾದಿಸಿತು. 2005ರ ಕೊನೆಯಲ್ಲಿ ನ್ಯಾಯಾಲಯ ಕಾಗದ ನೋಡಿ ಆ ವಾದವನ್ನು ಒಪ್ಪಲಿಲ್ಲ. ಸಂತ್ರಸ್ತರಿಗೆ ಪರಿಹಾರ ಸಿಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನಾನು ನೋಡುವುದು ಬೇರೆಯದನ್ನು. ವರ್ಷಗಟ್ಟಲೆ ‘ಎಲ್ಲ ನಮ್ಮ ಹೆಸರಲ್ಲಿ’ ಎಂದವರು ಕಷ್ಟ ಬಂದ ದಿನ ‘ಇದು ಊರವರದು’ ಎಂದರು. ನಡುವೆ ಎಂದಾದರೂ ಊರವರನ್ನು ಕೂರಿಸಿ ಓದಿ ಹೇಳಿದ್ದರೆ?

ಆದ್ದರಿಂದ ಹೆಸರು ಯಾರದಿರಲಿ ಎಂಬುದು ನನ್ನ ಜಗಳವಲ್ಲ. ಹೆಸರು ಚೆನ್ನೈಯಲ್ಲಿರಲಿ, ಬಿಷಪರದಾಗಿರಲಿ. ಹೆಸರಿರುವವನು ಓದಿ ಹೇಳಲಿ.

‘ಟ್ರಸ್ಟಿ’ಗೆ ಕನ್ನಡದಲ್ಲಿ ನಾವು ಇಟ್ಟುಕೊಂಡ ಪದಗಳು ವಿಚಿತ್ರವಾಗಿವೆ. ಬಯಲುಸೀಮೆಯ ದೇವಸ್ಥಾನಗಳಲ್ಲಿ ಧರ್ಮದರ್ಶಿ, ಕರಾವಳಿಯಲ್ಲಿ ಮೊಕ್ತೇಸರ. ಎರಡರಲ್ಲೂ ಪದವಿಯ ಗತ್ತು ಹೆಚ್ಚು, ಶಾಲು ಹೊದಿಸಿಕೊಳ್ಳುವ ಭುಜ ಕಾಣುತ್ತದೆ. ಹಳೆಯ ಕನ್ನಡ ಬೈಬಲಿನಲ್ಲಿ ಒಂದು ಪದವಿದೆ: ಮನೆವಾರ್ತೆಯವನು. ಯಜಮಾನನ ಮನೆಯ ಕಣಜ, ಎಣ್ಣೆ, ಸಾಲದ ಚೀಟಿ ನೋಡಿಕೊಳ್ಳುವವನು. ಒಂದು ದಿನ ಕರೆದು ಲೆಕ್ಕ ಒಪ್ಪಿಸು ಎಂದರೆ ಒಪ್ಪಿಸಬೇಕಾದವನು. ನನಗೆ ಈ ಪದ ಇಷ್ಟ. ಇದರಲ್ಲಿ ಶಾಲಿಗೆ ಜಾಗವಿಲ್ಲ.

ಲೆಕ್ಕ ಕೇಳುವುದು ಭಕ್ತಿಗೆ ಕುಂದು ಎನ್ನುವವರು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಲಿ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂದು ಗೊಣಗಾಟ ಶುರುವಾಯಿತು. ಅಪೊಸ್ತಲರು ‘ಇದು ದೇವರ ಅನ್ನ, ಸುಮ್ಮನಿರಿ’ ಎನ್ನಲಿಲ್ಲ. ಎಲ್ಲರನ್ನೂ ಕರೆದು, ನೀವೇ ಏಳು ಜನರನ್ನು ಆರಿಸಿ ಎಂದರು. ಅಂದರೆ ಸಭೆಯ ಮೊಟ್ಟಮೊದಲ ಆಡಳಿತ ಸಮಿತಿ ಹುಟ್ಟಿದ್ದೇ ಒಂದು ದೂರಿನಿಂದ, ಅದೂ ಹೆಂಗಸರ ಪಾಲಿನ ದೂರಿನಿಂದ. ಕೆಥೊಲಿಕರ 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೂ, 1287ನೇ ಕಲಮಿನಲ್ಲಿ, ಜನ ಕೊಟ್ಟದ್ದರ ಲೆಕ್ಕವನ್ನು ಆಡಳಿತಗಾರರು ಜನರಿಗೇ ಒಪ್ಪಿಸಬೇಕು ಎಂದಿದೆ. ಬಿಷಪರಿಗೆ ಕೊಡುವ ಲೆಕ್ಕ ಅದೇ ಕಲಮಿನಲ್ಲಿ ಬೇರೆಯಾಗಿಯೇ ಇದೆ. ಎಷ್ಟು ಕಡೆ ನೋಟಿಸ್ ಬೋರ್ಡಿನಲ್ಲಿ ಇದನ್ನು ಕಂಡಿದ್ದೀರಿ?

ದೇಶದ ಕಾನೂನು ಇನ್ನೂ ಖಡಕ್ಕಾಗಿದೆ. ಧಾರ್ಮಿಕ ಮತ್ತು ದತ್ತಿ ಟ್ರಸ್ಟುಗಳ 1920ರ ಕೇಂದ್ರ ಕಾಯ್ದೆಯಲ್ಲಿ, ಸಾರ್ವಜನಿಕ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಯಾರೇ ಆಗಲಿ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು ಆಸ್ತಿಯ ವಿವರ, ಬೆಲೆ, ಸ್ಥಿತಿ ಕೇಳಲು ದಾರಿಯಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಲ್ಲಿ ಅಂಥ ಇಬ್ಬರು ಸೇರಿದರೆ, ನ್ಯಾಯಾಲಯದ ಅನುಮತಿ ಪಡೆದು, ಟ್ರಸ್ಟಿಯನ್ನು ತೆಗೆಯಲೂ ದಾವೆ ಹೂಡಬಹುದು. ನನಗೆ ಬಹಳ ಹಿಡಿಸಿದ್ದು 1963ರ ಕಾಲಮಿತಿ ಕಾಯ್ದೆಯ 10ನೇ ಕಲಂ. ನಿರ್ದಿಷ್ಟ ಉದ್ದೇಶಕ್ಕಾಗಿ ಟ್ರಸ್ಟಿಯ ಕೈಗೆ ಬಂದ ಆಸ್ತಿಯ ಲೆಕ್ಕ ಕೇಳುವ ದಾವೆಗೆ ಕಾಲಮಿತಿಯೇ ಇಲ್ಲ. ಸಾಲಕ್ಕೆ ಮೂರು ವರ್ಷ, ಜಮೀನಿಗೆ ಹನ್ನೆರಡು ವರ್ಷ ಎಂದು ಎಣಿಸುವ ಕಾನೂನು, ಟ್ರಸ್ಟಿಯ ಮುಂದೆ ಮಾತ್ರ ಎಣಿಕೆ ನಿಲ್ಲಿಸುತ್ತದೆ.

ಆದರೂ ನಾನು ಕೋರ್ಟಿಗೆ ಹೋಗಿ ಎಂದು ಹೇಳಲು ಕೂತಿಲ್ಲ. ಕೋರ್ಟಿಗೆ ಹೋದ ಚರ್ಚುಗಳ ಬಾಗಿಲಿಗೆ ಮೊಹರು ಬೀಳುವುದನ್ನು, ಹೆಣ ಹೂಳುವುದಕ್ಕೂ ಪೊಲೀಸರು ಬರುವುದನ್ನು ಪಕ್ಕದ ಕೇರಳದ ಆರ್ಥಡಾಕ್ಸ್ ಮತ್ತು ಜಾಕೊಬೈಟ್ ಬಣಗಳ ಜಗಳದಲ್ಲಿ ನೋಡಿದ್ದೇವೆ. 2017ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೂ ಅದು ಬೀದಿಯಿಂದ ಮನೆಗೆ ಹೋಗಲಿಲ್ಲ.

ಹಾಗೆಂದು ಸರ್ಕಾರ ಬಂದು ನೋಡಿಕೊಳ್ಳಲಿ ಎಂಬುದೂ ನನ್ನ ವಾದವಲ್ಲ. ‘ದೇವಸ್ಥಾನಕ್ಕೆ ಮುಜರಾಯಿ ಇದೆ, ವಕ್ಫ್‌ಗೆ ಮಂಡಳಿ ಇದೆ, ಚರ್ಚಿಗೆ ಯಾಕಿಲ್ಲ?’ ಎಂದು ನನ್ನ ವಿಭಾಗದ ಗೆಳೆಯರೇ ಕೇಳುತ್ತಾರೆ. ಕೇರಳದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಕಾನೂನು ಸುಧಾರಣಾ ಆಯೋಗ 2009ರಲ್ಲಿ ಅಂಥದೊಂದು ಕರಡು ಕೊಟ್ಟಿತ್ತು. 2019ರಲ್ಲಿ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರ ಆಯೋಗದ ಕರಡು ಹೊರಬಂದಾಗ ಹಲವು ಚರ್ಚುಗಳು ಒಂದಾಗಿ ವಿರೋಧಿಸಿದವು. ಸರ್ಕಾರ ಹಿಂದೆ ಸರಿಯಿತು. ಹಲವು ಪಂಗಡಗಳು ಒಂದೇ ಸಾಲಿನಲ್ಲಿ ನಿಂತದ್ದು ಅಪರೂಪದ ದೃಶ್ಯ. ಸಂವಿಧಾನದ 26ನೇ ವಿಧಿ ನಮಗೆ ನಮ್ಮ ಆಸ್ತಿಯ ಆಡಳಿತದ ಹಕ್ಕು ಕೊಟ್ಟಿದೆ ಎಂದರು. ಸರಿಯೇ. ಆದರೆ ‘ಕಾನೂನಿಗನುಸಾರವಾಗಿ’ ಎಂಬ ಮಾತೂ ಅದೇ ವಿಧಿಯಲ್ಲಿದೆ. ಸರ್ಕಾರದ ಕೈ ಬೇಡ ಎನ್ನುವವರು ಸ್ವಂತ ಕೈಯನ್ನಾದರೂ ತೆರೆದು ತೋರಿಸಬೇಕಲ್ಲ? ಮುಷ್ಟಿ ಬಿಗಿ ಹಿಡಿದುಕೊಂಡೇ ‘ಒಳಗೆ ಏನೂ ಇಲ್ಲ, ನಂಬಿ’ ಎಂದರೆ ನಾನಂತೂ ನಂಬುವುದಿಲ್ಲ.

ಇನ್ನೊಂದು ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ಅದನ್ನು ನನಗೆ ಹೇಳಿದ್ದು ಅಮ್ಮ. “ಈ ಕಾಲದಲ್ಲಿ ಇದನ್ನೆಲ್ಲ ಹೊರಗೆ ಬರೀಬೇಡ. ನಮ್ಮನ್ನ ಆಡ್ಕೊಳೋರಿಗೆ ಅಷ್ಟೇ ಸಾಕು” ಎಂದಳು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತ ಚರ್ಚುಗಳ ಮೇಲೆ ದಾಳಿಯಾದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ನಮ್ಮೂರು ಅಲ್ಲಿಂದ ದೂರವಾದರೂ ಎರಡು ಭಾನುವಾರ ಅಪ್ಪ ಗೇಟಿನ ಬಳಿ ನಿಂತಿದ್ದರು. ಆ ಭಯ ಗೊತ್ತಿಲ್ಲದೆ ಬರೆಯುತ್ತಿಲ್ಲ. ಆದರೆ ಯೋಚಿಸಿ ನೋಡಿದರೆ ಪಟ್ಟಿ ಇಲ್ಲದ, ಬೇಲಿ ಇಲ್ಲದ, ಕರಾರಿನ ಪ್ರತಿ ಇಲ್ಲದ ಜಮೀನಿಗಿಂತ ಸುಲಭವಾಗಿ ಕಬಳಿಸಬಹುದಾದದ್ದು ಬೇರೇನಿದೆ? ನಮ್ಮ ಸಮಾಧಿ ಭೂಮಿಯ ತೆಂಕಣ ಗಡಿ ಎಲ್ಲಿ ಮುಗಿಯುತ್ತದೆ ಎಂದು ಸಮಿತಿಯ ನಾಲ್ವರನ್ನು ಬೇರೆ ಬೇರೆಯಾಗಿ ಕೇಳಿದೆ. ಒಬ್ಬರು ಹುಣಸೆ ಮರ ಎಂದರು, ಇನ್ನೊಬ್ಬರು ಮರದಿಂದಾಚೆಯ ಚರಂಡಿ ಎಂದರು, ಮತ್ತಿಬ್ಬರು ಸರ್ವೆ ಆಗಬೇಕಮ್ಮ ಎಂದರು. ಮರಕ್ಕೂ ಚರಂಡಿಗೂ ನಡುವೆ ನಮ್ಮ ತಾತನ ಸಮಾಧಿ ಇದೆ. ನಾಳೆ ಪಕ್ಕದವನು ಬಂದು ಬೇಲಿ ಹಾಕಿದರೆ ನಾವು ಯಾವ ಕಾಗದ ಹಿಡಿದು ನಿಲ್ಲುತ್ತೇವೆ? ಗುಟ್ಟು ನಮ್ಮನ್ನು ಕಾಯುತ್ತದೆ ಎಂದು ಅಮ್ಮ ನಂಬಿದ್ದಾಳೆ. ಅದು ಕಾಯುತ್ತಿರುವುದು ಬೇರೆ ಯಾರನ್ನೋ.

ನಾನು ಕೇಳುವುದು ಚರ್ಚಿಗೆ ಹೊಸದಲ್ಲ. ಒಂದು ಮದುವೆ ಗೊತ್ತಾದರೆ ಗುರುಗಳು ಮೂರು ಭಾನುವಾರ ಅದನ್ನು ಪ್ರಕಟಣೆಯಲ್ಲಿ ಓದುತ್ತಾರೆ. ಇಂಥವರ ಮಗ ಇಂಥವನಿಗೂ ಇಂಥವರ ಮಗಳು ಇಂಥವಳಿಗೂ ಮದುವೆ ನಿಶ್ಚಯವಾಗಿದೆ, ತಡೆಯೇನಾದರೂ ಯಾರಿಗಾದರೂ ತಿಳಿದಿದ್ದರೆ ಹೇಳಬೇಕು ಎಂದು. ತಂದೆ ತಾಯಿ ಒಪ್ಪಿದ್ದಾರೆ, ಹುಡುಗ ಹುಡುಗಿ ಒಪ್ಪಿದ್ದಾರೆ, ಛತ್ರಕ್ಕೆ ಮುಂಗಡ ಕೊಟ್ಟಾಗಿದೆ. ಆದರೂ ಓದಬೇಕು. ಇಬ್ಬರ ಬದುಕಿನ ಸಂಗತಿಯನ್ನು ಇಡೀ ಊರಿನ ಮುಂದೆ ಮೂರು ಸಲ ಓದಲು ಸಂಕೋಚಪಡದ ನಾವು, ಇಡೀ ಊರಿನ ಆಸ್ತಿಯ ಸಂಗತಿಯನ್ನು ಇಬ್ಬರು ಮೂವರ ನಡುವೆ ಇಟ್ಟುಕೊಳ್ಳುತ್ತೇವೆ.

ಮಳಿಗೆ ಬಾಡಿಗೆಗೆ ಕೊಡುವ ಮುಂಚೆ ಮೂರು ಭಾನುವಾರ ಓದಿ. ಯಾರಿಗೆ, ಎಷ್ಟಕ್ಕೆ, ಎಷ್ಟು ಕಾಲಕ್ಕೆ, ಅವರು ಸಮಿತಿಯ ಯಾರಿಗಾದರೂ ನೆಂಟರೇ. ಕಟ್ಟಡ ಕೆಡವುವ ಮುಂಚೆ ಓದಿ, ಒಳಗೆ ಏನೇನಿದೆ ಎಂಬುದನ್ನೂ ಸೇರಿಸಿ. ಮರ ಕಡಿಯುವ ಮುಂಚೆಯೂ ಓದಿ. ವರ್ಷಕ್ಕೊಮ್ಮೆ, ಸುಗ್ಗಿ ಹಬ್ಬದ ದಿನ ಜನ ತುಂಬಿರುವಾಗ, ಇಡೀ ಪಟ್ಟಿ ಓದಿ: ಸರ್ವೆ ನಂಬರು, ಗುಂಟೆ, ಗಡಿ, ಗಂಟೆ, ಬಟ್ಟಲು, ಬೀರು, ಬೀರುವಿನಲ್ಲಿರುವ ಪುಸ್ತಕ. ಅರ್ಧ ಗಂಟೆ ಹಿಡಿಯುತ್ತದೆ. ನಮ್ಮಲ್ಲಿ ಅದಕ್ಕಿಂತ ಉದ್ದದ ಪ್ರಸಂಗಗಳನ್ನು ಜನ ತಾಳಿಕೊಂಡಿದ್ದಾರೆ. ಯಾವ ಕಾಯ್ದೆಯೂ ಬೇಕಿಲ್ಲ, ಕರಡೂ ಬೇಕಿಲ್ಲ. ಒಬ್ಬ ಗುರುಗಳು, ಒಂದು ಕಾಗದ, ಒಂದು ಮೈಕು ಸಾಕು.

ಆ ಮಧ್ಯಾಹ್ನ ಹೀಗೊಂದು ಪ್ರಕಟಣೆ ಓದಿದ್ದರೆ, ‘ಹಿಂದಿನ ಶಾಲಾ ಕಟ್ಟಡವನ್ನೂ ಅದರಲ್ಲಿರುವ ಒಂದು ಬೀರು ಹಳೆಯ ಪುಸ್ತಕಗಳನ್ನೂ’ ಎಂಬಷ್ಟು ಕಿವಿಗೆ ಬಿದ್ದಿದ್ದರೆ, ನನ್ನ ಅಜ್ಜಿಯಾದರೂ ಫೋನ್ ಮಾಡುತ್ತಿದ್ದರು. ನಾನು ರಾತ್ರಿ ಬಸ್ಸು ಹಿಡಿದು ಬರುತ್ತಿದ್ದೆ. ಈಗ ನನ್ನ ಪ್ರಬಂಧದ ಮೂರನೆಯ ಅಧ್ಯಾಯ ನಿಂತಿರುವುದು ಮೊಬೈಲಿನಲ್ಲಿ ತೆಗೆದ ಮೂವತ್ತೆಂಟು ಫೋಟೋಗಳ ಮೇಲೆ. ಅದರಲ್ಲಿ ನಾಲ್ಕು ಮಸುಕಾಗಿವೆ. ಆಕರದ ಸ್ಥಳ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಮಾರ್ಗದರ್ಶಕರು ಕೇಳಿದ್ದಾರೆ.

ಈ ವರ್ಷದ ಮಹಾಸಭೆಗೆ ಇನ್ನೂ ಆರು ವಾರವಿದೆ. ಪಟ್ಟಿ ಕೇಳಿ ಸಮಿತಿಗೆ ಲಿಖಿತವಾಗಿ ಪತ್ರ ಕೊಟ್ಟಿದ್ದೇನೆ, ಸ್ವೀಕೃತಿಯ ಸಹಿಯನ್ನೂ ಹಾಕಿಸಿಕೊಂಡಿದ್ದೇನೆ. ಒಬ್ಬಳದೇ ಸಹಿ ಸಾಲದೆಂದು ಹೆಂಗಸರ ಕೂಟದ ಮನೆಗಳಿಗೆ ಹೋದೆ. ಹನ್ನೊಂದು ಮಂದಿ ಹಾಕಿದರು. ಅಜ್ಜಿ ಕನ್ನಡಕ ಹುಡುಕಿ, ಪತ್ರವನ್ನು ಪೂರ್ತಿ ಓದಿ, ಸರ್ವೆ ನಂಬರಿನ ಜಾಗ ಯಾಕೆ ಖಾಲಿ ಬಿಟ್ಟಿದ್ದೀಯ ಎಂದು ಕೇಳಿದರು. ಅದನ್ನೇ ಅವರನ್ನು ಕೇಳ್ತಿರೋದು ಅಜ್ಜಿ ಎಂದೆ. ಸಹಿ ಹಾಕಿ, ಎರಡನೆಯ ಕುಂಬಳಕಾಯಿ ಹರಾಜಿನ ದುಡ್ಡು ಯಾವ ಮಳಿಗೆಗೆ ಹೋಯಿತು ಎಂಬುದನ್ನೂ ಸೇರಿಸು ಎಂದರು.